ಬಿಟ್ಟ ಕರುವಿನ ಕೂದಲು

ನನ್ನ ಬಾಯಿ ಒಳ್ಳೆಯದಲ್ಲ. ಇದನ್ನು ಮೊದಲೇ ಹೇಳಿಬಿಟ್ಟರೆ ನಿಮಗೂ ಸುಲಭ, ನನಗೂ ಸುಲಭ. ಗುಂಡ್ಲುಪೇಟೆಯಿಂದ ಗಂಡನ ಹಿಂದೆ ಘಾಟಿ ಹತ್ತಿ ಊಟಿಗೆ ಬಂದ ಹನ್ನೊಂದು ವರ್ಷದಲ್ಲಿ ನಾನು ಜಗಳವಾಡದ ಮನೆ ನಮ್ಮ ಸಾಲಿನಲ್ಲಿ ಒಂದೂ ಇರಲಿಲ್ಲ. ಎಡಗಡೆಯವಳ ಜೊತೆ ನೀರಿಗೆ, ಬಲಗಡೆಯವಳ ಜೊತೆ ಹೊಗೆಗೆ, ಎದುರುಮನೆಯವಳ ಜೊತೆ ಸುಮ್ಮಸುಮ್ಮನೆ. ಗಂಡ ಚೆನ್ನಯ್ಯ ಇರುವ ತನಕ ಇದರ ಬಿಸಿ ನನಗೆ ತಟ್ಟಲಿಲ್ಲ. ಅವನು ರೈಲು ಸ್ಟೇಷನ್ನಿನಿಂದ ಕುದುರೆಗಾಡಿ ಹೊಡೆಯುತ್ತಿದ್ದ, ಸಂಜೆ ಬಂದು ನನ್ನ ಬೈಗುಳವನ್ನೆಲ್ಲ ಕೇಳಿಸಿಕೊಂಡು ಊಟ ಮಾಡಿ ಮಲಗುತ್ತಿದ್ದ. ಅವನು ಜ್ವರದಲ್ಲಿ ಹೋದ ಮೇಲೆ ಮನೆಯಲ್ಲಿ ಬೈಯುವುದಕ್ಕೂ ಯಾರೂ ಇಲ್ಲದಂತಾಯಿತು.

ಉಳಿದವಳು ರಂಗಿ ಒಬ್ಬಳೇ. ಎಮರಾಲ್ಡ್ ಕಡೆಗೆ ಹೋಗುವ ದಾರಿಯಲ್ಲಿ ಕಡೆಹಟ್ಟಿ ಅಂತ ಬೆಟ್ಟದ ಬಡಗ ಕುಲದವರ ಹಟ್ಟಿ ಇದೆ, ಅಲ್ಲಿಯವಳು. ಗಂಡನ ಮನೆ ಸರಿಬರದೆ ತವರಿನಲ್ಲೇ ಅಣ್ಣನ ಜೊತೆ ಇದ್ದಳು. ಮಂಗಳವಾರದ ಸಂತೆಗೆ ಆಲೂಗಡ್ಡೆ, ಬೆಳ್ಳುಳ್ಳಿ ಹೊತ್ತು ತರುತ್ತಿದ್ದಳು. ಮಾರಿ ಮುಗಿದ ಮೇಲೆ ನನ್ನ ಜಗುಲಿಗೆ ಬಂದು, ತಲೆಯ ಬಿಳಿ ವಸ್ತ್ರ ಸಡಿಲಿಸಿ, ಕಾಲು ಚಾಚಿ ಕೂರುತ್ತಿದ್ದಳು. ಸುತ್ತಲೂ ತಮಿಳು, ಬಂಗಲೆಗಳಲ್ಲಿ ಇಂಗ್ಲಿಷು. ಅವಳ ಬಡಗ ಮಾತೂ ನನ್ನ ಕನ್ನಡವೂ ಒಂದೇ ಅಲ್ಲ, ಆದರೂ ಅರ್ಧ ಅವಳು ಹೇಳಿದರೆ ಉಳಿದರ್ಧ ನನಗೆ ತಾನಾಗಿಯೇ ತಿಳಿಯುತ್ತಿತ್ತು. ಇಲ್ಲಿ ಅವಳ ಮಾತನ್ನೂ ನನ್ನ ಬಾಯಲ್ಲಿ ಬಂದ ಹಾಗೆಯೇ ಹೇಳುತ್ತೇನೆ. ನಾನು ಬೈದರೆ ನಗುತ್ತಿದ್ದಳು. ಅವಳು ಬರುವುದನ್ನು ಬಿಟ್ಟರೆ ಆ ಊರಿನಲ್ಲಿ ನಾನು ಬಾಯಿ ತೆರೆಯುವುದಕ್ಕೆ ಕಾರಣವೇ ಇರಲಿಲ್ಲ. ಇದು ನನಗೆ ಚೆನ್ನಾಗಿ ಗೊತ್ತಿತ್ತು, ಗೊತ್ತಿದ್ದೂ ನಾನು ಹಾಗೆ ಮಾಡಿದೆ.

ನನ್ನ ಕಸುಬು ಚೌರಿ ಕಟ್ಟುವುದು. ಹೆಂಗಸರು ತಲೆ ಬಾಚಿದಾಗ ಉದುರಿದ ಕೂದಲನ್ನು ಉಂಡೆ ಮಾಡಿ ಗೋಡೆಯ ಸಂದಿಗೆ ಸಿಕ್ಕಿಸಿ ಇಟ್ಟಿರುತ್ತಾರೆ. ಅದನ್ನು ತಂದು ಸೀಗೆಯಲ್ಲಿ ತೊಳೆದು, ಗಂಟು ಬಿಡಿಸಿ, ಬುಡವೆಲ್ಲ ಒಂದು ಕಡೆ ತುದಿಯೆಲ್ಲ ಒಂದು ಕಡೆ ಬರುವಂತೆ ಜೋಡಿಸಿ, ಮೇಣ ಹಚ್ಚಿದ ದಾರದಲ್ಲಿ ಬಿಗಿಯಬೇಕು. ನಾನು ಕಟ್ಟಿದ ಚೌರಿಯನ್ನು ಎತ್ತು ಎಳೆದರೂ ಒಂದು ಕೂದಲು ಜಾರುವುದಿಲ್ಲ ಅಂತ ಎದುರುಮನೆಯವಳೂ ಒಪ್ಪುತ್ತಾಳೆ.

ಯುದ್ಧದ ಎರಡನೆಯ ವರ್ಷ, ಮಾಘದಲ್ಲಿ, ಮೇಲಿನ ಬಂಗಲೆಯ ಬಟ್ಲರ್ ರಾಮನ್ ನನ್ನ ಜಗುಲಿಗೆ ಬಂದ. ಕೈಯಲ್ಲೊಂದು ಬೆಂಕಿಪೊಟ್ಟಣ. ಅದರೊಳಗೆ ಒಂದು ಸಣ್ಣ ಗಾಳ, ಗಾಳಕ್ಕೆ ಕಪ್ಪು ನೂಲು ಸುತ್ತಿ, ಮೇಲೆ ಜರಿಯ ಎಳೆ ಸುತ್ತಿ, ಬೆನ್ನಿಗೆ ರೆಕ್ಕೆಯ ಹಾಗೆ ಒಂದು ಚಿಟಿಕೆ ಬಿಳಿ ಕೂದಲು ಕಟ್ಟಿತ್ತು. ಅರ್ಧ ಕೂದಲು ಉದುರಿಹೋಗಿತ್ತು. ಅವನು ಅದನ್ನು ನೊಣ ಅಂದ. ಇಂಥ ನೊಣ ನಾನು ಎಲ್ಲೂ ನೋಡಿಲ್ಲ ಅಂದೆ. ನೀನು ನೋಡಬೇಕಾಗಿಲ್ಲ, ಮೀನು ನೋಡಿದರೆ ಸಾಕು ಅಂದ.

ವಿಷಯ ಇಷ್ಟು. ಅವಲಾಂಚಿಯ ಹಳ್ಳಗಳಿಗೆ ದೊರೆಗಳು ಹೊರಗಿನಿಂದ ಟ್ರೌಟ್ ಅನ್ನುವ ಮೀನು ತಂದು ಬಿಟ್ಟಿದ್ದರು. ಆ ಮೀನಿಗೆ ಎರೆಹುಳು ಹಾಕಿ ಹಿಡಿದರೆ ಅವರಿಗೆ ಅವಮಾನವಂತೆ. ಹೀಗೆ ಕೂದಲು ಕಟ್ಟಿದ ಸುಳ್ಳು ನೊಣ ತೋರಿಸಿ, ಮೀನಿಗೆ ಮೋಸ ಮಾಡಿ ಹಿಡಿದರೆ ಮರ್ಯಾದೆಯಂತೆ. ನೊಣಗಳೆಲ್ಲ ವಿಲಾಯತಿಯಿಂದ ಬರುತ್ತಿದ್ದವು. ಈಗ ಹಡಗಿನಲ್ಲಿ ಸಿಪಾಯಿಗಳು ಹೋಗುತ್ತಾರೆಯೇ ಹೊರತು ನೊಣಗಳು ಬರುವುದಿಲ್ಲ. ಗಾಳ ದೊರೆಯ ಹತ್ತಿರ ಇದೆ, ಕಟ್ಟುವವರು ಬೇಕು. ಬಿಳಿ ಕೂದಲು ಹಿಮದ ಮೇಲೆ ಓಡಾಡುವ ಬಿಳಿ ಕರಡಿಯದು ಅಂದ ರಾಮನ್. ಕರಡಿ ಬಿಳಿಯಿರುತ್ತದೆ ಅನ್ನುವುದನ್ನು ನಾನು ಆಗಲೂ ನಂಬಲಿಲ್ಲ, ಈಗಲೂ ನಂಬಿಲ್ಲ. ಆದರೆ ಕೂದಲು ಕಟ್ಟುವುದು ನನ್ನಿಂದಾಗದು ಅಂತ ಯಾರ ಮುಂದೂ ಹೇಳಿದವಳಲ್ಲ. ಆರು ಗಾಳ ಇಟ್ಟು ಹೋಗು ಅಂದೆ.

ಮೊದಲು ಆ ಹಳೆಯ ನೊಣವನ್ನು ಬಿಚ್ಚಿದೆ. ಬೇರೆಯವರ ಚೌರಿ ಕೈಗೆ ಸಿಕ್ಕಿದರೂ ನಾನು ಹಾಗೇ ಮಾಡುವುದು, ಒಂದೊಂದೇ ಸುತ್ತು ಹಿಂದಕ್ಕೆ ಬಿಡಿಸಿ ನೋಡಿದರೆ ಕಟ್ಟಿದವರ ಬುದ್ಧಿ ಪೂರ್ತಿ ಗೊತ್ತಾಗುತ್ತದೆ. ಕಟ್ಟಿದವನು ಮೇಣದಲ್ಲಿ ಜಿಪುಣತನ ಮಾಡಿದ್ದ. ನೂಲು ನನ್ನ ಹತ್ತಿರವೇ ಇತ್ತು, ಜರಿ ನನ್ನ ಮದುವೆಯ ಸೀರೆಯ ಅಂಚಿನದು ಸಿಕ್ಕಿತು. ಕೂದಲಿನದೇ ತೊಂದರೆಯಾಯಿತು.

ನೆರೆಯ ಮುದುಕಿಯರ ನರೆಗೂದಲು ನನ್ನ ಬುಟ್ಟಿಯಲ್ಲಿ ಬೇಕಾದಷ್ಟಿತ್ತು. ಕಟ್ಟಿ, ಹಿತ್ತಾಳೆ ಬೋಗುಣಿಯಲ್ಲಿ ನೀರು ತುಂಬಿ, ದಾರದ ತುದಿ ಹಿಡಿದು ನೊಣವನ್ನು ನೀರಿನಲ್ಲಿ ಎಳೆದೆ. ಒದ್ದೆಯಾದ ಕೂಡಲೇ ಕೂದಲೆಲ್ಲ ಒಂದಕ್ಕೊಂದು ಅಂಟಿ ಸೂಜಿಯಾಯಿತು. ಮೇಕೆಯ ಗಡ್ಡ ತಂದೆ. ಎಷ್ಟು ಸೀಗೆ ಹಾಕಿದರೂ ಜಿಡ್ಡು ಬಿಡದು, ಮೇಲಾಗಿ ಒರಟು. ಕುದುರೆಯ ಬಾಲ ನುಣುಪು, ಎಷ್ಟು ಬಿಗಿದರೂ ದಾರದಡಿಯಿಂದ ನುಣುಚಿಕೊಳ್ಳುತ್ತದೆ. ಮೊಲದ ಕೂದಲು ನೀರು ಸೋಕಿದ ಕೂಡಲೇ ಕರಗಿಹೋದಂತೆ ಕಾಣೆಯಾಯಿತು. ದೊರೆಯ ಬಿಳಿ ನಾಯಿಯ ಕೂದಲನ್ನು ರಾಮನ್ ಕದ್ದು ತಂದುಕೊಟ್ಟ, ಅದರ ವಾಸನೆಗೆ ಮೀನೇನು, ನಾನೇ ಮನೆ ಬಿಟ್ಟು ಓಡಬೇಕಾಯಿತು. ಚರ್ಮ ಹದಮಾಡುವವರ ಹತ್ತಿರ ಕಡವೆಯ ಚರ್ಮದ ಚೂರು ಬಿಟ್ಟಿ ಸಿಗುತ್ತಿತ್ತು. ಆ ಕೂದಲಿನೊಳಗೆ ಗಾಳಿ ತುಂಬಿರುತ್ತದೆ. ದಾರ ಬಿಗಿದ ಕೂಡಲೇ ನಾಲ್ಕೂ ಕಡೆ ಕೆದರಿ ನಿಂತಿತು, ಬೋಗುಣಿಗೆ ಹಾಕಿದರೆ ಬೆಂಡಿನ ಹಾಗೆ ತೇಲಿತು. ತೇಲುವ ನೊಣಕ್ಕೆ ಅದು ಚೆನ್ನ, ಆದರೆ ಬಣ್ಣ ಕಂದು, ದೊರೆಗೆ ಬೇಕಾದದ್ದು ನೀರೊಳಗೆ ಮುಳುಗಿ ಹೊಳೆಯುವ ಬಿಳಿ.

ಹೀಗೆ ಹತ್ತು ದಿನ ಬೋಗುಣಿಯ ಮುಂದೆ ಕೂತ ಮೇಲೆ ಬೇಕಾದ ಕೂದಲು ಯಾವುದು ಅನ್ನುವುದು ಬೆರಳಿಗೇ ತಿಳಿಯಿತು. ನೆಟ್ಟಗಿರಬಾರದು, ಸ್ವಲ್ಪ ಸುಕ್ಕು ಸುಕ್ಕಾಗಿರಬೇಕು. ಸುಕ್ಕಿದ್ದರೆ ಒಂದರಿಂದ ಒಂದು ದೂರ ನಿಲ್ಲುತ್ತದೆ, ದಾರಕ್ಕೂ ಹಿಡಿತ ಸಿಗುತ್ತದೆ, ಸ್ವಲ್ಪವೇ ಕೂದಲು ತುಂಬ ಕಾಣುತ್ತದೆ. ಬೆಳಕಿಗೆ ಹಿಡಿದರೆ ಆಚೆಯ ಬೆಳಕು ಕಾಣಬೇಕು. ಅಂಥದ್ದು ಎಳೆಗರುವಿನ ಬಾಲದ ತುದಿಯಲ್ಲಿರುತ್ತದೆ. ಬೆಳೆದ ದನದ್ದು ಹುರಿಹಗ್ಗದಂತಾಗಿರುತ್ತದೆ. ಕಸಾಯಿಯವರ ಹತ್ತಿರ ಬಾಲ ಸಿಗುತ್ತದೆ ಅಂದ ರಾಮನ್. ಅದು ನನ್ನ ಹೊಸಲು ದಾಟುವುದಿಲ್ಲ ಅಂದೆ.

ರಂಗಿಯನ್ನು ಕೇಳಿದೆ. ಅವರ ಮನೆಯಲ್ಲಿ ಬಿಳಿ ಬಾಲದ ಕರು ಒಂದಿತ್ತು. ಆದರೆ ಅವರಲ್ಲಿ ಹಾಲು, ಕರು, ಕೊಟ್ಟಿಗೆ ಎಲ್ಲ ಗಂಡಸರದು, ಹೆಂಗಸರು ಕೈ ಹಾಕುವಂತಿಲ್ಲ. ಅವಳು ಅಣ್ಣ ನಂಜುಂಡನನ್ನು ಕೇಳಿದಳಂತೆ. ಕರೆಯುವ ಹಸುವಿನ ಕರುವಿಗೆ ಕತ್ತರಿ ತಾಗಿಸಿದರೆ ಹಾಲು ಕಡಿಮೆಯಾಗುತ್ತದೆ, ಬೇಡ ಅಂದನಂತೆ ಅವನು. ರಂಗಿ ನನ್ನ ಹತ್ತಿರ ಅದನ್ನು ಹೇಳುವಾಗ ತಾನೇ ತಪ್ಪು ಮಾಡಿದವಳಂತೆ ಮುಖ ಸಣ್ಣ ಮಾಡಿಕೊಂಡಳು. ನಾನು ನಂಜುಂಡನನ್ನು ಚೆನ್ನಾಗಿ ಬೈದೆ.

ಆಮೇಲೆ ನನಗೆ ನೆನಪಾದದ್ದು ಇನ್ನೊಂದು ಕರು. ಹಿಂದಿನ ಆಷಾಢದಲ್ಲಿ ರಂಗಿಯ ಅಪ್ಪ ತೀರಿಕೊಂಡಾಗ ಒಂದು ಕರುವನ್ನು ಬಸವನ ಹೆಸರಿಗೆ ಬಿಟ್ಟರು ಅಂತ ಕೇಳಿದ್ದೆ. ನಾನು ಆಗ ಜ್ವರದಲ್ಲಿ ಮಲಗಿದ್ದೆ, ಸಾವಿಗೆ ಹೋಗಲಾಗಲಿಲ್ಲ. ಆ ಕರು ಹಟ್ಟಿಯ ಕೆಳಗಿನ ಹುಲ್ಲುಬೋರೆಯಲ್ಲಿ, ದಾರಿಯ ಪಕ್ಕದಲ್ಲೇ ಮೇಯುತ್ತಿರುತ್ತಿತ್ತು, ಹಗ್ಗವಿಲ್ಲ, ಕಾಯುವವರಿಲ್ಲ. ಮೈಯೆಲ್ಲ ಕಂದು, ಬಾಲದ ತುದಿ ಮಾತ್ರ ಬಿಳಿ. ನಮ್ಮ ಗುಂಡ್ಲುಪೇಟೆ ಕಡೆಯೂ ದೇವರಿಗೆ ಬಿಟ್ಟ ಬಸವ ಇರುತ್ತದೆ. ಅಂಗಡಿಯ ಮೂಟೆಗೆ ಬಾಯಿ ಹಾಕಿದರೂ ಯಾರೂ ಹೊಡೆಯುವುದಿಲ್ಲ, ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರೆ. ನಾನು ಮಗುವಾಗಿದ್ದಾಗ ಬೆಚ್ಚಿಬಿದ್ದಿದ್ದಕ್ಕೆ ನಮ್ಮಜ್ಜಿ ಬಸವನ ಬಾಲದ ಎರಡು ಕೂದಲನ್ನು ಕರಿದಾರಕ್ಕೆ ಸುತ್ತಿ ಕೈಗೆ ಕಟ್ಟಿದ್ದಳು. ದೇವರದು ಅಂದ ಮೇಲೆ ಎಲ್ಲರದೂ ಹೌದಲ್ಲ ಅಂತ ನಾನು ಲೆಕ್ಕ ಹಾಕಿದೆ.

ಸೆರಗಿನಲ್ಲಿ ಕಲ್ಲುಪ್ಪು ಕಟ್ಟಿಕೊಂಡು, ಸೊಂಟಕ್ಕೆ ಕತ್ತರಿ ಸಿಕ್ಕಿಸಿಕೊಂಡು ಒಂದು ಬೆಳಿಗ್ಗೆ ನಡೆದುಹೋದೆ. ಕರು ಉಪ್ಪಿಗೆ ಬಂತು, ನನ್ನ ಅಂಗೈ ನೆಕ್ಕುತ್ತ ನಿಂತಿತು. ಬಾಲವನ್ನು ಕಣ್ಣಿಗೊತ್ತಿಕೊಂಡು ಒಂದು ಚಿಟಿಕೆ ಕತ್ತರಿಸಿದೆ. ದಾರಿಯಲ್ಲಿ ಯಾರೂ ಇರಲಿಲ್ಲ. ಇದ್ದಿದ್ದರೆ ಕತ್ತರಿಸುತ್ತಿದ್ದೆನಾ ಅಂತ ಆಮೇಲೆ ನನ್ನನ್ನೇ ಕೇಳಿಕೊಂಡಿದ್ದೇನೆ. ಇಲ್ಲ ಅನ್ನುವುದೇ ಉತ್ತರ. ಅಂದರೆ ನನ್ನೊಳಗೆ ಎಲ್ಲೋ ಗೊತ್ತಿತ್ತು.

ಆರು ನೊಣ ಎರಡು ದಿನದಲ್ಲಿ ಆದವು. ಬೋಗುಣಿಯಲ್ಲಿ ಎಳೆದಾಗ ಬಿಳಿ ರೆಕ್ಕೆ ಮುಚ್ಚಿ ತೆರೆದು ಉಸಿರಾಡುವಂತೆ ಕಂಡಿತು. ನನ್ನ ಕೈಕೆಲಸ ನೋಡಿ ನನಗೇ ಇಷ್ಟು ಸಂತೋಷವಾದದ್ದು ಅದೇ ಮೊದಲು. ಮಂಗಳವಾರ ರಂಗಿ ಬಂದಾಗ ಅದನ್ನು ಅವಳ ಕಣ್ಣಮುಂದೆ ಆಡಿಸಿದೆ. ಅವಳು ನೀರಿನ ಮೇಲೆ ಬಗ್ಗಿ ಬಹಳ ಹೊತ್ತು ನೋಡಿದಳು. ಯಾವುದರ ಕೂದಲು ಅಂತ ಕೇಳಿದಳು. ಅಣ್ಣ ಬೇಡವೆಂದ ಮೇಲೂ ಹೋಗಿ ಅವರದೇ ಇನ್ನೊಂದು ಕರುವಿನದು ಕತ್ತರಿಸಿದೆ ಅಂದರೆ ಮನೆಯಲ್ಲಿ ಇವಳಿಗೆ ಮಾತು ಬರುತ್ತದೆ, ಯಾಕೆ ಸುಮ್ಮನೆ ಅಂದುಕೊಂಡೆ.

“ಮೇಕೆದು,” ಅಂದೆ.

ರಾಮನ್ ನೊಣ ಒಯ್ದ. ಮುಂದಿನ ಸೋಮವಾರ ಏದುಸಿರು ಬಿಡುತ್ತ ಬಂದ. ದೊರೆ ಒಂದೇ ದಿನ ನಾಲ್ಕು ಮೀನು ಹಿಡಿದನಂತೆ, ಕ್ಲಬ್ಬಿನಲ್ಲಿ ಎಲ್ಲರಿಗೂ ನೊಣ ತೋರಿಸಿದನಂತೆ. ಮಳೆಗೆ ಮುಂಚೆ ಇನ್ನೂ ನಲವತ್ತು ಬೇಕು, ಇದೇ ಕೂದಲು, ಬೇರೆ ಬೇಡ. ಕಟ್ಟುವವಳ ಹೆಸರೇನು ಅಂತ ದೊರೆ ಕೇಳಿದನಂತೆ. ಆ ರಾತ್ರಿ ನನಗೆ ಹೆಮ್ಮೆಯಿಂದ ನಿದ್ದೆ ಸರಿಯಾಗಿ ಬರಲಿಲ್ಲ, ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಮರುದಿನ ಸಂತೆ. ರಂಗಿ ಬಂದವಳೇ ಮಡಿಲಿನಿಂದ ಎಲೆಯಲ್ಲಿ ಸುತ್ತಿದ ಒಂದು ಪೊಟ್ಟಣ ತೆಗೆದಳು. ಬಿಳಿ ಮೇಕೆಯ ಕೂದಲು. ಸಂತೆಗೆ ಮೇಕೆ ತಂದವನನ್ನು ಕಾಡಿ ಬೇಡಿ, ಒಂದು ಸೇರು ಬೆಳ್ಳುಳ್ಳಿ ಕೊಟ್ಟು ತಂದಿದ್ದಳು. ನನಗೆ ಬೇಕಾಗುತ್ತದೆ ಅಂತ. ಒಂದೊಂದೇ ಆರಿಸಿ, ಕರಿಯ ಕೂದಲು ಸೇರದಂತೆ ನೋಡಿ, ಬುಡ ಒಂದು ಕಡೆ ತುದಿ ಒಂದು ಕಡೆ ಮಾಡಿ ನಾರಿನಲ್ಲಿ ಕಟ್ಟಿದ್ದಳು. ನಾನು ಮಾಡುವುದನ್ನು ಜಗುಲಿಯಲ್ಲಿ ಕೂತು ನೋಡಿ ನೋಡಿ ಕಲಿತದ್ದು.

ನಾನು ಪೊಟ್ಟಣ ತೆಗೆದುಕೊಂಡೆ. ಏನಾದರೂ ಮಾತಾಡಬೇಕಲ್ಲ ಅಂತ, ಜೊತೆಗೆ ನಲವತ್ತು ನೊಣದ ಚಿಂತೆಯೂ ಇದ್ದದ್ದರಿಂದ, ನಿಮ್ಮ ಆ ಬಿಟ್ಟ ಕರು ಯಾವಾಗಲೂ ದಾರಿಯ ಹತ್ತಿರವೇ ಮೇಯುತ್ತದಾ ಅಂತ ಕೇಳಿದೆ. ಅದಕ್ಕೆ ಅವಳು ಅಪ್ಪನ ಸಾವಿನ ದಿನವನ್ನು ಹೇಳಿದಳು. ಏಳೆಂಟು ತಿಂಗಳಲ್ಲಿ ಅವಳು ಆ ಮಾತೆತ್ತಿದ್ದು ಅದೇ ಮೊದಲು.

ಹೆಣದ ಮುಂದೆ ಊರೆಲ್ಲ ಸೇರಿದಾಗ ಹಾಲನ್ ಅನ್ನುವ ಹಿರಿಯರು ಸತ್ತವನ ಪಾಪಗಳನ್ನು ಒಂದೊಂದಾಗಿ ಗಟ್ಟಿಯಾಗಿ ಹೇಳಿದರಂತೆ. ಮಾಡಿದ್ದು, ಮಾಡದ್ದು, ಅವನ ಹಿರಿಯರು ಮಾಡಿದ್ದು, ಎಲ್ಲವನ್ನೂ. ಒಂದೊಂದಕ್ಕೂ ಜನ ‘ಪಾಪ’ ಅನ್ನಬೇಕು, ಹೇಳುವವರು ಕರುವಿನ ಮೈ ಮೇಲೆ ಕೈ ಇಡಬೇಕು. ಹಾಗೆ ಎಲ್ಲವೂ ಕರುವಿಗೆ ಹೋಗುತ್ತದೆ. ಆಮೇಲೆ ಕರುವನ್ನು ಬಿಡುತ್ತಾರೆ. ಅವುಗಳಲ್ಲಿ ಅಪ್ಪ ನಿಜವಾಗಿ ಮಾಡಿದ್ದು ಯಾವುದು ಅನ್ನುವುದು ಅಪ್ಪನಿಗೂ ಕರುವಿಗೂ ಮಾತ್ರ ಗೊತ್ತು ಅಂದು ರಂಗಿ ಸ್ವಲ್ಪ ನಕ್ಕಳು.

“ಅದನ್ನ ಯಾರೂ ಕಟ್ಟಬಾರದು ಅಕ್ಕ, ದುಡಿಸಬಾರದು, ಅದರಿಂದ ಏನೂ ತಗೋಬಾರದು. ತಗೊಂಡರೆ ಹೊರೆ ತಿರುಗಿ ಅಪ್ಪನ ಮೇಲೇ ಬರುತ್ತೆ. ಅಪ್ಪ ನೂಲಿನಷ್ಟು ಸಣ್ಣ ಸೇತುವೆ ದಾಟಬೇಕು. ಹೊರೆ ಹೊತ್ತು ದಾಟೋಕಾಗುತ್ತಾ?”

ನನ್ನ ಬಾಯಿ ಒಳ್ಳೆಯದಲ್ಲ ಅಂದೆನಲ್ಲ, ಆವತ್ತು ಅದು ಇದ್ದೂ ಇಲ್ಲದಂತಾಯಿತು. ರಂಗಿ ಎದ್ದು ಹೋಗುವ ತನಕ ನಾನು ಹೂಂ ಅಂದದ್ದು ಎರಡೋ ಮೂರೋ ಸಲ. ಬೀದಿಯಿಂದ ತಿರುಗಿ ನೋಡಿ, ಮೈ ಹುಷಾರಿಲ್ಲವಾ ಅಂತ ಕೇಳಿ ಹೋದಳು.

ಅವಳಿಗೆ ಯಾವತ್ತೂ ಗೊತ್ತಾಗುತ್ತಿರಲಿಲ್ಲ. ಇದನ್ನು ನಾನು ಮೂರು ದಿನ ಹಿಂದುಮುಂದು ಮಾಡಿ ನೋಡಿದೆ. ಕೂದಲು ಮತ್ತೆ ಬೆಳೆಯುತ್ತದೆ, ಕರುವಿಗೆ ನೋವಾಗಿಲ್ಲ, ನಾನು ಅವರ ಕುಲದವಳಲ್ಲ. ಹೇಳಿದರೆ ಅವಳು ಜಗುಲಿಗೆ ಬರುವುದನ್ನು ಬಿಡುತ್ತಾಳೆ. ಹೇಳದಿದ್ದರೆ ಪ್ರತಿ ಮಂಗಳವಾರ ಬರುತ್ತಾಳೆ, ಕಾಲು ಚಾಚಿ ಕೂರುತ್ತಾಳೆ, ನಾನು ಅವಳ ಮುಖ ನೋಡಬೇಕು. ಆ ಮೇಕೆ ಕೂದಲಿನ ಪೊಟ್ಟಣವನ್ನು ಗೂಡಿನಲ್ಲಿಟ್ಟಿದ್ದೆ. ಅದರ ಕಡೆ ಕಣ್ಣು ಹೋಗಬಾರದು ಅಂತ ಗೂಡಿಗೆ ಬೆನ್ನು ಹಾಕಿ ಕೂರುತ್ತಿದ್ದೆ. ನಾಲ್ಕನೆಯ ದಿನ ರಾಮನನ್ನು ಕರೆದು, ಗಂಟಿನಲ್ಲಿ ತಪ್ಪಾಗಿದೆ, ಆರು ನೊಣವನ್ನೂ ವಾಪಸು ತಾ ಅಂದೆ. ನಾಲ್ಕು ತಂದ. ಒಂದು ಹಳ್ಳದಾಚೆಯ ಮರದ ಕೊಂಬೆಗೆ ಸಿಕ್ಕಿಕೊಂಡಿದೆಯಂತೆ, ಇನ್ನೊಂದನ್ನು ಮೀನು ದಾರ ಹರಿದು ಬಾಯಲ್ಲೇ ಕಚ್ಚಿಕೊಂಡು ಹೋಯಿತಂತೆ. ನಲವತ್ತು ನನ್ನಿಂದಾಗದು, ಆ ಕೂದಲು ಇನ್ನು ಸಿಗುವುದಿಲ್ಲ, ಕಡವೆಯ ಕೂದಲಿನ ಕಂದು ನೊಣ ಬೇಕಾದರೆ ಕಟ್ಟಿಕೊಡುತ್ತೇನೆ ಅಂದೆ. ಬಿಳಿಯದಲ್ಲದಿದ್ದರೆ ದೊರೆಗೆ ಬೇಡ ಅಂದ ಅವನು. ಬೇಡವಾದರೆ ಬೇಡ ಅಂದೆ. ಅವನು ನನಗೆ ತಲೆ ಕೆಟ್ಟಿದೆ ಅಂದುಕೊಂಡೇ ಹೋದ.

ಮರುದಿನ ನಾನೇ ನಡೆದು ಕಡೆಹಟ್ಟಿ ತಲುಪಿದಾಗ ಇಬ್ಬನಿ ಆರಿತ್ತು. ರಂಗಿ ಮನೆಯ ಮುಂದೆ ಆಲೂಗಡ್ಡೆ ಹರಡುತ್ತಿದ್ದಳು. ನಂಜುಂಡನ್ ಗುದ್ದಲಿಗೆ ಕಾವು ಹಾಕುತ್ತಿದ್ದ. ಪಕ್ಕದ ಜಗುಲಿಯಲ್ಲಿ ಬಿಸಿಲು ಕಾಯಿಸುತ್ತಿದ್ದ ಮುದುಕರೇ ಹಾಲನ್ ಅಂತ ಆಮೇಲೆ ತಿಳಿಯಿತು. ನಾಲ್ಕು ನೊಣವನ್ನೂ ಉಳಿದ ಕೂದಲನ್ನೂ ಒಂದು ಬಟ್ಟೆಯ ಮೇಲೆ ಇಟ್ಟು, ನಿಮ್ಮ ಅಪ್ಪನ ಕರುವಿನ ಬಾಲದಿಂದ ನಾನು ಕತ್ತರಿಸಿದ್ದು ಅಂದೆ. ಎರಡು ಕಳೆದುಹೋದದ್ದನ್ನೂ ಹೇಳಿದೆ. ರಂಗಿ ಆಲೂಗಡ್ಡೆಯ ಮೇಲಿಟ್ಟ ಕೈಯನ್ನು ತೆಗೆಯಲಿಲ್ಲ, ತಲೆಯನ್ನೂ ಎತ್ತಲಿಲ್ಲ.

ನಂಜುಂಡನ್ ಕೂಗಾಡಲಿಲ್ಲ. ಕೂಗಾಡಿದ್ದರೆ ನಾನೂ ಕೂಗಾಡಿ ಹಗುರಾಗುತ್ತಿದ್ದೆ. ಅವನು ಹಿರಿಯರ ಮುಖ ನೋಡಿದ. ಹಾಲನ್ ಬಟ್ಟೆಯ ಹತ್ತಿರ ಬಂದು ಕೂತು, ಮುಟ್ಟದೆ ನೋಡಿದರು. ಇದರಿಂದ ಕೆಲಸ ತೆಗೆದಾಯಿತಾ ಅಂತ ಕೇಳಿದರು. ಮೀನು ಹಿಡಿದದ್ದು ಹೌದು ಅಂದೆ. ಎಷ್ಟು ಅಂದರು. ನಾಲ್ಕು ಅಂದೆ. ಇದಕ್ಕೆ ನಮ್ಮಲ್ಲಿ ಕ್ರಮವಿಲ್ಲ, ಹೀಗೆ ಯಾರೂ ಮಾಡಿದ್ದೇ ಇಲ್ಲ ಅಂದರು.

“ಸತ್ತವನಿಗೆ ಬಾಯಿ ಇಲ್ಲ, ಅದಕ್ಕೆ ನಾವು ಹೇಳಿದೆವು. ನಿನಗೆ ಬಾಯಿ ಇದೆಯಲ್ಲಮ್ಮ. ನಿನ್ನದನ್ನು ನೀನೇ ಹೇಳು. ಅವನ ಹೊರೆ ಅವನ ಮೇಲೆ ಹೋಗದೆ ಕರುವಿನ ಮೇಲೇ ಇರಲಿ.”

ಹುಲ್ಲುಬೋರೆಗೆ ಇಳಿದೆವು. ಮುಂದೆ ಹಾಲನ್, ಹಿಂದೆ ನಂಜುಂಡನ್, ಎಲ್ಲರಿಗಿಂತ ಹಿಂದೆ ರಂಗಿ. ಅವಳು ಬರುತ್ತಾಳೋ ಇಲ್ಲವೋ ಅಂತ ನಾನು ತಿರುಗಿ ತಿರುಗಿ ನೋಡುತ್ತಿದ್ದೆ. ಕರು ದೂರದಿಂದ ತಲೆಯೆತ್ತಿ ನೋಡಿತು. ಮೂವರನ್ನೂ ಬಿಟ್ಟು ನೇರವಾಗಿ ನನ್ನ ಹತ್ತಿರ ಬಂದು, ಉಪ್ಪಿಗಾಗಿ ನನ್ನ ಕೈ ಮೂಸಿತು. ಅಷ್ಟು ನಾಚಿಕೆ ನನಗೆ ಯಾವತ್ತೂ ಆಗಿಲ್ಲ. ಬಾಲದ ತುದಿ ಒಂದು ಕಡೆ ಮೊಟಕಾಗಿರುವುದು ಎಲ್ಲರಿಗೂ ಕಾಣುತ್ತಿತ್ತು. ಹಾಲನ್ ಸಣ್ಣ ಕುಳಿ ತೋಡಿಸಿ ನೊಣ, ಕೂದಲು ಎರಡನ್ನೂ ಅಲ್ಲೇ ಮುಚ್ಚಿಸಿದರು. ಆಮೇಲೆ ಹೇಳು ಅಂದರು.

“ಸತ್ತವರಿಗೆ ಬಿಟ್ಟ ಕರುವಿನ ಕೂದಲು ಕತ್ತರಿಸಿದೆ. ಅದರಿಂದ ಕೆಲಸ ತೆಗೆದೆ,” ಅಂದೆ. ನನ್ನ ಧ್ವನಿ ನನಗೇ ಗುರುತು ಸಿಗಲಿಲ್ಲ.

‘ಪಾಪ’ ಅಂದರು ಹಾಲನ್. ‘ಪಾಪ’ ಅಂದ ನಂಜುಂಡನ್. ರಂಗಿ ಸುಮ್ಮನಿದ್ದಳು. ಹಾಲನ್ ನನ್ನ ಪರವಾಗಿ ಕರುವಿನ ಮೇಲೆ ಕೈ ಇಟ್ಟು ತೆಗೆದರು. ಇನ್ನು ಆಯಿತು ಅನ್ನುವಂತೆ ಗಂಡಸರಿಬ್ಬರೂ ಮೇಲಕ್ಕೆ ತಿರುಗಿದರು.

“ಇನ್ನೊಂದು ಇದೆಯಲ್ಲ ಅಕ್ಕ,” ಅಂದಳು ರಂಗಿ.

ಹಾಲನ್ ನಿಂತರು. ನಂಜುಂಡನಿಗೆ ಅರ್ಥವಾಗಲಿಲ್ಲ, ತಂಗಿಯ ಮುಖ, ನನ್ನ ಮುಖ ನೋಡಿದ. ನನಗೆ ಅರ್ಥವಾಯಿತು. ಮೊದಲನೆಯದನ್ನು ಊರಿಗೆ ಹೇಳಿದ್ದೆ, ಇದನ್ನು ಅವಳ ಮುಖ ನೋಡಿಕೊಂಡು ಹೇಳಬೇಕಾಗಿತ್ತು. ಅಳು ಬಂತು, ತಡೆದುಕೊಳ್ಳಲಿಲ್ಲ.

“ರಂಗಿ ಕೇಳಿದಾಗ ಮೇಕೆದು ಅಂದೆ. ಅವಳು ನಂಬಿದಳು.”

ಗಂಡಸರು ಪಾಪ ಅನ್ನಲಿಲ್ಲ, ಇದಕ್ಕೆ ಅದನ್ನು ಅನ್ನಬೇಕಾದವರು ತಾವಲ್ಲ ಅಂತ ಅವರಿಗೂ ಗೊತ್ತಾಯಿತು. ರಂಗಿ ನಾಲ್ಕು ಹೆಜ್ಜೆ ಇಳಿದು ಹತ್ತಿರ ಬಂದಳು.

‘ಪಾಪ’ ಅಂದಳು, ಒಬ್ಬಳೇ. ಆಮೇಲೆ ನನ್ನ ಕೈಯನ್ನು ಹಿಡಿದು ಕರುವಿನ ಬೆನ್ನ ಮೇಲೆ ಇಟ್ಟು, ಅದರ ಮೇಲೆ ತನ್ನ ಕೈಯನ್ನೂ ಇಟ್ಟಳು.